ನಜೀಮಾಳ ರೇಷ್ಮೆ ಗಂಟು

“ಯಾ ಅಲ್ಲಾ! ನನ್ನ ರೇಷ್ಮೆ ಗಂಟು ಇಲ್ಲ!”

ಚಾಮರಾಜನಗರದ ಸಂತೆಯಲ್ಲಿ ಆ ಕೂಗು ಎದ್ದಾಗ ದಫೇದಾರ್ ಮರಿಮಲ್ಲಪ್ಪನ ತೋಳಿನಲ್ಲಿ ಎರಡು ಮೊರ, ಒಂದು ಚಾಪೆ, ಮೂರು ಬಿದಿರು ಬುಟ್ಟಿ. ರಾಜ್ಯ ಒಂದಾದ ಮಾರನೇ ವರ್ಷ ಅದು. ಮೈಸೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ. ಗುಂಡ್ಲುಪೇಟೆಯಲ್ಲಿ ನಾದಿನಿಯ ಮದುವೆ, ಎರಡು ಗಂಟೆಗೆ ಬಸ್ಸು. ‘ಒಂದೇ ಒಂದು ಮೊರ’ ಎಂದು ಎಳೆದುತಂದ ಹೆಂಡತಿ ದೊಡ್ಡಮಲ್ಲಮ್ಮ ಬೆಳಗಿನಿಂದ ಬುಟ್ಟಿ ತಟ್ಟಿ ತಟ್ಟಿ ನೋಡುತ್ತಲೇ ಇದ್ದಳು. ವರ್ಷಕ್ಕೊಮ್ಮೆ ಸಿಗುವ ರಜೆಗೂ ಕಲ್ಲು ಬಿತ್ತು.

“ನಮಗ್ಯಾಕೆ, ಬಾರೇ.”

“ಏನ್ರೀ ನೀವು, ಪೊಲೀಸಲ್ವಾ?” ಎಂದಳು ಅವಳು, ಇಡೀ ಸಂತೆಗೆ ಕೇಳುವಂತೆ.

ಮುಗೀತು. ಜನ ಸುತ್ತಿಕೊಂಡರು.

ಕೂಗಿದ ನಜೀಮಾ ಊರಿನವಳೇ, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸು. ರೇಷ್ಮೆಗೂಡು ಕೊಟ್ಟು ನೂಲು ತೆಗೆಸುವ ಸಾಹುಕಾರ ಅಬ್ದುಲ್ ಜಬ್ಬಾರ್ ಐದರ ರೈಲಿಗೆ ಹೊರಡುತ್ತಾನೆ. ಅಷ್ಟರಲ್ಲಿ ನೂಲು ಅವನ ಕೈ ಸೇರಬೇಕು.

“ಕೊಡದಿದ್ರೆ ನನ್ನೇ ಕಳ್ಳಿ ಅಂತಾರೆ ಸಾಬ್. ಆಮೇಲೆ ಯಾರೂ ಗೂಡು ಕೊಡಲ್ಲ, ನಮ್ಮ ರಾಟೆ ನಿಂತ್ಹೋಗುತ್ತೆ. ಅಂಟು ತೆಗೀದ ಹಸಿ ನೂಲು ಬೇರೆ. ನೀರು ಬಿದ್ರೆ ಎಳೆ ಎಳೆ ಅಂಟ್ಕೊಂಡು ಹಾಳು!”

“ಎಲ್ಲಿಟ್ಟಿದ್ಯಮ್ಮ?”

“ಇಲ್ಲೇ, ನಾನು ಹಾಸಿರೋ ಈ ಚಾಪೆ ಮೇಲೆ. ನೀರು ಕುಡಿದು ಬಂದೆ, ಅಷ್ಟೇ.”

ಚಾಪೆಯ ಮೇಲೆ ಹಳದಿ ಬೆರಳಿನ ಗುರುತು. ಎಡಕ್ಕೆ ಅರಿಸಿನದ ಮೂಟೆಗಳು, ಬಲಕ್ಕೆ ಮರಿಯಪ್ಪನ ವೀಳ್ಯದೆಲೆ ಅಂಗಡಿ.

“ಅರಿಸಿನದ ಮಾದಪ್ಪ ಕಣ್ ಸ್ವಾಮಿ!” ಎಂದ ಮರಿಯಪ್ಪ. “ಗಂಟ ಎತ್ಕಂಡು ಮೂಟೆಗೆ ತುರುಕ್ಬುಟ್ಟ. ನಾನೇ ಕಣ್ಣಾರ ನೋಡ್ದಿ.”

“ಏನ್ಲಾ ಅಂಗಂದೀಯೆ!” ಮಾದಪ್ಪ ಬೆವರಿದ. “ಮೂಟೆ ಇಳುಗ್ಸುವಾಗ ಚಾಪೆ ಮ್ಯಾಲೆ ಕೈ ಊರ್ದೆ ಕಣ್ ಸ್ವಾಮಿ, ಅಷ್ಟೇಯ.”

“ಎಲ್ಲಾ ಮೂಟೆ ಬಿಚ್ಚು,” ಎಂದ ಮರಿಮಲ್ಲಪ್ಪ.

*

ಎಂಟು ಮೂಟೆ ಸುರಿದದ್ದಾಯಿತು. ಮೊಣಕೈವರೆಗೆ ಹಳದಿ, ಮೂಗಿನ ತುಂಬ ಧೂಳು. ಸೀನಿ ಸೀನಿ ಸಾಕಾಯಿತು. ರೇಷ್ಮೆಯ ಒಂದು ಎಳೆಯೂ ಸಿಗಲಿಲ್ಲ. ಅಷ್ಟರಲ್ಲಿ ಎರಡು ಗಂಟೆಯ ಬಸ್ಸಿನ ಹಾರ್ನ್ ಕೇಳಿತು.

“ಹೋಯ್ತಾ?”

“ಹೋಯ್ತು.”

“ಎಲ್ಲಾ ನಿಮ್ಮಿಂದ,” ಎಂದಳು ದೊಡ್ಡಮಲ್ಲಮ್ಮ.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ಏನೂ ಆಗದವಳಂತೆ ಮದುವೆಗೆ ಇನ್ನೊಂದು ಕಟ್ಟು ಎಲೆ ಇರಲಿ ಎಂದು ಮರಿಯಪ್ಪನ ಹತ್ತಿರ ಹೋದಳು.

“ಇದೇನಪ್ಪ! ಬೆಳಿಗ್ಗೆ ನಿನ್ ಹತ್ರ ತಗಂಡ ಎಲೆ ನೀರು ಸೋರಿ ನನ್ನ ಸೀರೆಯೆಲ್ಲ ನೆಂದೋಗಿತ್ತು. ಈಗ ನೋಡುದ್ರೆ ಇವು ಬಾಡೋಗವೆ.”

“ನೀರು ತರಕ್ಕೆ ಪುರುಸೊತ್ತಾಗ್ನಿಲ್ಲ ಕಣವ್ವ.”

ಮರಿಮಲ್ಲಪ್ಪ ತಿರುಗಿ ನೋಡಿದ. ಮರಿಯಪ್ಪನ ಕಾಲಬಳಿ ಕೊಡದ ತುಂಬ ನೀರು. ಎಲೆಯ ದೊಡ್ಡ ಬುಟ್ಟಿಗೆ ಹೊದಿಸಿದ್ದ ಗೋಣಿತಾಟು ಮಾತ್ರ ಗರಿಗರಿ ಒಣಗಿತ್ತು.

“ಪಾಪ, ಪುರುಸೊತ್ತಿಲ್ಲ. ನಾನೇ ಹಾಕ್ತೀನಿ ಬಿಡಪ್ಪ,” ಎಂದು ಮರಿಮಲ್ಲಪ್ಪ ಕೊಡ ಎತ್ತಿ ಬುಟ್ಟಿಯ ಮೇಲೆ ಹಿಡಿದ.

“ಬ್ಯಾಡಿ! ಕೆಟ್ಟೋಯ್ತದೆ!” ಮರಿಯಪ್ಪ ಬುಟ್ಟಿಗೆ ಅಡ್ಡ ಬಿದ್ದ.

“ಎಲೆಗೆ ನೀರು ಬಿದ್ರೆ ಏನಯ್ಯಾ ಕೆಡೋದು?”

ಗೋಣಿ ಸರಿಸಿ ನಾಲ್ಕು ಕಟ್ಟು ಎಲೆ ತೆಗೆದರೆ ಕೆಳಗೆ ನಜೀಮಾಳ ಬಿಳಿ ಗಂಟು! ಅವಳು ಬಿಚ್ಚಿ ನೋಡಿದಳು. ಒಂದೆಳೆಯೂ ನೆನೆದಿರಲಿಲ್ಲ. ಗಂಟನ್ನು ಎದೆಗವಚಿಕೊಂಡು ಸ್ಟೇಷನ್ ಕಡೆ ಓಡಿಯೇ ಬಿಟ್ಟಳು.

*

“ಎಲೆ ಮಾರೋನು ಗಳಿಗೆಗೊಂದು ಸಲ ನೀರು ಚಿಮುಕಿಸ್ತಾನೆ,” ಎಂದ ಮರಿಮಲ್ಲಪ್ಪ ಜನಕ್ಕೆ. “ಕೊಡ ತುಂಬಾ ನೀರಿಟ್ಕೊಂಡೂ ಎಲೆ ಬಾಡೋಕೆ ಬಿಟ್ಟ ಅಂದ್ರೆ, ನೀರು ತಾಗಬಾರದ್ದು ಬುಟ್ಟಿ ಒಳಗಿದೆ ಅಂತ ಅರ್ಥ. ಚಾಪೆ ಮೇಲೆ ಹಳದಿ ಕಂಡ, ಮಾದಪ್ಪನ ಮೇಲೆ ಎತ್ತಿಹಾಕಿದ.”

ಮರಿಯಪ್ಪನನ್ನು ಊರಿನ ಪೇದೆ ಎಳೆದುಕೊಂಡು ಹೋದ. ಇನ್ನಾದರೂ ನಾಲ್ಕೂವರೆಯ ಬಸ್ಸು ಸಿಕ್ಕೀತು ಎಂದು ಮರಿಮಲ್ಲಪ್ಪ ಬುಟ್ಟಿ ಎತ್ತಿಕೊಂಡ.

“ಸ್ವಾಮಿ,” ಎಂದ ಮಾದಪ್ಪ. “ಊರೋರ ಮುಂದೆ ನನ್ನ ಕಳ್ಳ ಮಾಡ್ಬುಟ್ರಿ. ಈ ಎಂಟು ಮೂಟೆ ಈಗ ಯಾರು ತುಂಬಾರು?”

ಮರಿಮಲ್ಲಪ್ಪನಿಗೆ ನಾಚಿಕೆಯಾಯಿತು. ಬುಟ್ಟಿ ಕೆಳಗಿಟ್ಟು, “ತಪ್ಪಾಯ್ತಪ್ಪ,” ಎಂದು ಕುಕ್ಕರಗಾಲಲ್ಲಿ ಕೂತ. ಐದನೇ ಮೂಟೆಗೆ ಬರುವಾಗ ಮತ್ತೆ ಬಸ್ಸಿನ ಹಾರ್ನ್. ಈ ಸಲ ದೊಡ್ಡಮಲ್ಲಮ್ಮ ಮದುವೆಗೆಂದು ಕೊಂಡ ಹೊಸ ಮೊರದಲ್ಲೇ ಅರಿಸಿನದ ಕೊಂಬು ತುಂಬಿ ತುಂಬಿ ಮೂಟೆಗೆ ಸುರಿಯುತ್ತಿದ್ದಳು.

ಐದರ ರೈಲು ಕೂಗಿ ಹೋಯಿತು. ಸ್ವಲ್ಪ ಹೊತ್ತಿಗೆ ನಜೀಮಾ ಬಂದು ದೊಡ್ಡಮಲ್ಲಮ್ಮನ ಪಕ್ಕದಲ್ಲಿ ಕೂತು ಮೂಟೆಯ ಬಾಯಿ ಹಿಡಿದಳು. ಜೊತೆಗೆ ತಂದಿಟ್ಟುಕೊಂಡ ಬುಟ್ಟಿಯ ತುಂಬ ಅಬ್ದುಲ್ ಜಬ್ಬಾರ್ ಕೊಟ್ಟ ಹೊಸ ಗೂಡುಗಳಿದ್ದವು.