ಸೂತಕದ ಪೆಟ್ಟಿಗೆ

ಲೋಹಿತ್ ಮೇಷ್ಟ್ರು ಸತ್ತ ಎರಡನೆಯ ದಿನ ಬೆಳಿಗ್ಗೆ ಎದ್ದು, ಸ್ನಾನ ಮುಗಿಸಿ, ಎರಡು ಸಲ ಹಾಕಿಸಿಕೊಂಡು ಉಪ್ಪಿಟ್ಟು ತಿಂದರು. ಗಾಬರಿಯಾಗಬೇಡಿ. ಸತ್ತದ್ದು ಮೇಷ್ಟ್ರಲ್ಲ, ಅವರ ಮನೆಯ ಕಂಪ್ಯೂಟರಿನೊಳಗೆ ಅವರ ಹೆಸರಿನಲ್ಲಿ ಬದುಕಿದ್ದ ಇನ್ನೊಬ್ಬ ಮೇಷ್ಟ್ರು. ತಟ್ಟೆ ಹಿಡಿದುಕೊಂಡೇ ಅವರು ಗೋಡೆಯ ಪರದೆಯ ಮುಂದೆ ಕೂತು, ತಮ್ಮ ಸಾವಿನ ಸುದ್ದಿ ಹಬ್ಬುವುದನ್ನು ಕಣ್ತುಂಬ ನೋಡುತ್ತಿದ್ದರು. ಪರದೆಯಿಂದ ಮಂಡಿನೋವಿನ ಎಣ್ಣೆಯ ಜಾಹೀರಾತಿನವರು ಹೋದರು. ಕೀಲು ಬದಲಿಸುವ ಆಸ್ಪತ್ರೆಯವರು ಹೋದರು. ಹಿರಿಯರಿಗೆ ಕಾಶಿಯಾತ್ರೆ, ಗಾಲಿಕುರ್ಚಿ ಉಚಿತ ಎಂದು ಬೆನ್ನು ಬಿಡದೆ ಕಾಡಿದ್ದವರೂ ಹೋದರು. ವಿಮೆ ಕಂಪನಿಯೊಂದು ಮಾತ್ರ ಸಂತಾಪ ಸೂಚಿಸಿ ಹೋಯಿತು.

"ಲೇ ಇವಳೇ, ಬಾರೇ ಇಲ್ಲಿ! ನನಗೆ ಸದ್ಗತಿ ಕೋರಿದಾರೆ ನೋಡು!"

"ಥೂ, ಬಿಡ್ತು ಅನ್ನಿ! ಬೆಳ್‌ಬೆಳಗ್ಗೆ ಎಂಥಾ ಮಾತು," ಎಂದು ಹೆಂಡತಿ ಅಡುಗೆಮನೆಯಿಂದಲೇ ಗದರಿದರು.

ಇದು ನಡೆದದ್ದು ೨೦೫೮ರಲ್ಲಿ, ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ. ಮೇಷ್ಟ್ರನ್ನು ಕೊಂದು ಉದ್ಧಾರ ಮಾಡಿದ್ದು ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಪೆಟ್ಟಿಗೆ. ಅದನ್ನು ಕಂಡುಹಿಡಿದವರು ಅದೇ ರಸ್ತೆಯ ಕೊನೆಯಲ್ಲಿ ಮಹಡಿ ಮೇಲೆ ಪ್ರಯೋಗಶಾಲೆ ಇಟ್ಟುಕೊಂಡಿದ್ದ ಡಾ. ವಿಭಾ ಮರಡಿಹಳ್ಳಿ. ಮಾತು ಸ್ವಲ್ಪ ಒರಟು, ಕೆಲಸ ಬಲು ನಯ.

ಕುಕಿ ಎಂಬ ಹೆಸರು ನಿಮಗೂ ಗೊತ್ತು. ಒಂದು ಜಾಲತಾಣಕ್ಕೆ ನೀವು ಹೋದಾಗ, ಮುಂದಿನ ಸಲ ನಿಮ್ಮ ಗುರುತು ಹಿಡಿಯಲೆಂದು ಅದು ನಿಮ್ಮ ಯಂತ್ರದಲ್ಲೇ ಬಿಟ್ಟುಹೋಗುವ ಚೀಟಿ ಅದು. ಅವುಗಳಲ್ಲಿ ಕೆಲವು ಸಾಧು, ಕೆಲವು ನಿಮ್ಮ ಹಿಂದೆಯೇ ಊರೆಲ್ಲ ಸುತ್ತುವಂಥವು. ಬೇಹುಗಾರ ತಂತ್ರಾಂಶ ಇದಕ್ಕಿಂತ ಒಂದು ಕೈ ಮೇಲು. ಅದು ಹೇಳದೆ ಕೇಳದೆ ಒಳಗೆ ಬಂದು ಕೂತು ಕಿವಿಗೊಡುತ್ತದೆ. ೨೦೫೮ರ ಹೊತ್ತಿಗೆ ಇವೆರಡೂ ಸೇರಿ ಪರದೆ, ಫ್ರಿಜ್ಜು, ಒಲೆ ಎಲ್ಲದರಲ್ಲೂ ಮನೆ ಮಾಡಿಕೊಂಡಿದ್ದವು. ಅಳಿಸಿದರೆ ಗರಿಕೆಯ ಹಾಗೆ ಮತ್ತೆ ಚಿಗುರುತ್ತಿದ್ದವು, ಏಕೆಂದರೆ ಅವುಗಳ ನಕಲು ಮನೆಯಲ್ಲಿರುತ್ತಿರಲಿಲ್ಲ, ಎಲ್ಲೋ ದೂರದ ಕಂಪನಿಗಳ ಉಗ್ರಾಣದಲ್ಲಿ ಭದ್ರವಾಗಿರುತ್ತಿತ್ತು.

ವಿಭಾ ಅವರಿಗೆ ಹೊಳೆದದ್ದು ಇಷ್ಟೇ: ಈ ಕಂಪನಿಗಳು ತಾವಾಗಿಯೇ ಒಂದು ಬಗೆಯ ಜನರ ವಿವರವನ್ನು ಎಲ್ಲ ಕಡೆಯಿಂದಲೂ ಅಳಿಸಿಹಾಕುತ್ತವೆ. ಸತ್ತವರದ್ದನ್ನು. ಸತ್ತವರು ಏನನ್ನೂ ಕೊಳ್ಳುವುದಿಲ್ಲ, ಮೇಲಾಗಿ ಸತ್ತವರ ಹೆಸರಿಗೆ ಜಾಹೀರಾತು ಕಳಿಸಿದರೆ ದಂಡವೂ ಉಂಟು. ಹಾಗಾಗಿ ಪೆಟ್ಟಿಗೆ ಮಾಡುತ್ತಿದ್ದುದು ಒಂದೇ ಕೆಲಸ. ಕಂಪ್ಯೂಟರಿಗೂ ಹೊರಗಿನ ಜಾಲಕ್ಕೂ ನಡುವೆ ಕೂತು, ಹೊರಗೆ ಹೋಗುವ ಸುದ್ದಿಯನ್ನು ತಿರುಚಿ, ಒಂದು ಹತ್ತು ದಿನ ಆ ಮನೆಯನ್ನು ಸಾವಾದ ಮನೆಯಂತೆ ತೋರಿಸುವುದು. ಉಳಿದದ್ದನ್ನು ಬೇಹುಗಾರರು ತಾವೇ ಊಹಿಸಿಕೊಂಡು ಗಂಟುಮೂಟೆ ಕಟ್ಟುತ್ತಿದ್ದರು. ವಿಭಾ ಇದಕ್ಕೆ ಬಾಯಲ್ಲಿ ತಿರುಗದ ಒಂದು ಹೆಸರು ಕೊಟ್ಟಿದ್ದರು. ಸೂತಕದ ಮನೆಗೆ ವ್ಯಾಪಾರಕ್ಕೆ ಯಾರು ಬರುತ್ತಾರೆ ಎಂದು ದುರ್ಗದ ಜನ ಅದನ್ನು ಸೂತಕದ ಪೆಟ್ಟಿಗೆ ಎಂದರು. ಆ ಹೆಸರೇ ನಿಂತಿತು.

ಮೇಷ್ಟ್ರ ಎದುರುಮನೆಯ ಇಂಚರ ವಿಭಾ ಅವರ ಮಹಡಿ ಹತ್ತಿ ಬಂದದ್ದು ಆಮೇಲಿನ ವಾರ. ಮೊಳಕಾಲ್ಮೂರಿನ ನೇಕಾರರಿಗೆ ಸೀರೆಯ ಅಂಚು, ಸೆರಗಿನ ವಿನ್ಯಾಸವನ್ನು ಮನೆಯ ಕಂಪ್ಯೂಟರಿನಲ್ಲೇ ಬರೆದುಕೊಡುವುದು ಅವಳ ಕೆಲಸ. ಮೂವತ್ತರ ಆಸುಪಾಸು.

"ಮೇಡಂ, ನಿಮ್ಮ ಪೆಟ್ಟಿಗೆ ಮಕ್ಕಳಿಗೂ ನಡೆಯುತ್ತಾ?"

"ನಡೆಯಬೇಕು. ಎಷ್ಟು ವರ್ಷದ ಮಗು?"

"ಹುಟ್ಟಲಿಲ್ಲ," ಎಂದಳು ಇಂಚರ.

ವಿಭಾ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟರು. ಏಳನೆಯ ತಿಂಗಳಲ್ಲಿ ಹೋದ ಮಗು. ಎರಡು ವರ್ಷದ ಮೇಲಾಗಿತ್ತು. ಹೆರಿಗೆ ಆಗಬೇಕಿದ್ದ ವಾರಕ್ಕೆ ಸರಿಯಾಗಿ ಪರದೆಯ ಮೇಲೆ 'ಅಭಿನಂದನೆಗಳು' ಬಂತು. ತೊಟ್ಟಿಲಿನ ಜಾಹೀರಾತು ಬಂತು. ಮಗು ಮಗುಚಿಕೊಳ್ಳುವ ಕಾಲಕ್ಕೆ ಮೆತ್ತನೆಯ ಹಾಸು, ಹಲ್ಲು ಮೂಡುವ ಕಾಲಕ್ಕೆ ರಾಗಿ ಸರಿಯ ಪೊಟ್ಟಣ, ಹೆಜ್ಜೆ ಇಡುವ ಕಾಲಕ್ಕೆ ಕೀಚ್ ಕೀಚ್ ಎನ್ನುವ ಚಪ್ಪಲಿ. ಗಂಡ ಚಿರಂತ್ ಎಷ್ಟೋ ಸಲ ಎಲ್ಲವನ್ನೂ ಅಳಿಸಿದ. ಕಂಪ್ಯೂಟರನ್ನೇ ಬದಲಾಯಿಸಿದ. ಹೊಸದನ್ನು ಹಚ್ಚಿದ ಅರ್ಧ ಗಂಟೆಗೆ ಮಗುವಿನ ಸ್ವೆಟರು ಬಂತು.

"ಕೆಲಸ ಬಿಡೋ ಹಾಗಿಲ್ಲ, ಪರದೆ ಮುಚ್ಚೋ ಹಾಗಿಲ್ಲ," ಎಂದಳು ಇಂಚರ. "ನನ್ನ ಮಗು ಅಲ್ಲಿ ಬೆಳೀತಾ ಇದೆ ಮೇಡಂ. ನಾನು ನೋಡ್ತಾ ಕೂತಿದೀನಿ. ಶಾಲೆಗೆ ಸೇರಿಸಿ ಅಂತ ಅದು ಹೇಳೋ ದಿನ ಬಂದರೆ ನನಗೆ ಹುಚ್ಚು ಹಿಡಿಯುತ್ತೆ. ಹೆಂಗಾದರೂ ನಿಲ್ಲಿಸಿಕೊಡಿ."

ಒರಟು ಮಾತಿನ ವಿಭಾ ಅವತ್ತು ಒಂದೂ ಒರಟು ಮಾತಾಡಲಿಲ್ಲ. ಮರುದಿನವೇ ಪೆಟ್ಟಿಗೆ ಹಿಡಿದುಕೊಂಡು ಹೋದರು.

ಬಾಗಿಲಲ್ಲೇ ಎದುರಾದವರು ಅತ್ತೆ ಅಶ್ವಿನಮ್ಮ. ನಮ್ಮ ಕಾಲದಲ್ಲಿ ಕಾಲೇಜು ಓದಿ, ಹೊತ್ತುಗೊತ್ತಿಲ್ಲದೆ ಮೊಬೈಲು ಒತ್ತಿದ ಹುಡುಗಿಯರೆಲ್ಲ ಆಗ ಅತ್ತೆಯರಾಗಿದ್ದರು, ಅವರಲ್ಲಿ ಈಕೆಯೂ ಒಬ್ಬರು. ಕಾಫಿ ಕೊಡುವ ನೆಪದಲ್ಲಿ ವಿಭಾ ಅವರನ್ನು ಅಡುಗೆಮನೆಗೆ ಕರೆದು, ಪಿಸುಮಾತಿನಲ್ಲಿ ಹೇಳಿದರು: "ನೋಡಿ ತಾಯಿ, ಅವಳ ಮುಂದೆ ಆ ವಿಷಯ ಎತ್ತಬ್ಯಾಡಿ. ಮನೇಲಿ ನಾವ್ಯಾರೂ ಎತ್ತಲ್ಲ. ಪಾಪ, ಮರೀಲಿ ಅಂತ."

"ಪೆಟ್ಟಿಗೆ ಹಾಕಬೇಕಾದರೆ ಎತ್ತಲೇಬೇಕಲ್ಲಮ್ಮ," ಎಂದರು ವಿಭಾ.

ಪೆಟ್ಟಿಗೆ ಜೋಡಿಸಿ, ಬೇಹುಗಾರರ ಕಡತದಲ್ಲಿ ಮಗುವಿನ ಖಾತೆ ಯಾವುದೆಂದು ಹುಡುಕಿದಾಗ ಪರದೆಯ ಮೇಲೆ ಒಂದು ಹೆಸರು ಮೂಡಿತು. ಮುಗಿಲು.

"ಯಾರಿದು ಮುಗಿಲು?" ಎಂದ ಚಿರಂತ್. "ಬೇರೆ ಯಾರದೋ ಮನೇದು ಬಂದಿದೆ ಮೇಡಂ."

"ನಮ್ಮದೇ," ಎಂದಳು ಇಂಚರ, ನೆಲ ನೋಡುತ್ತ. "ಐದನೇ ತಿಂಗಳಲ್ಲಿ ನಾನೇ ಯೋಚನೆ ಮಾಡಿದ್ದು. ಗಂಡಾದರೂ ಆಗುತ್ತೆ, ಹೆಣ್ಣಾದರೂ ಆಗುತ್ತೆ ಅಂತ. ಬರೆದರೆ ಹೆಂಗೆ ಕಾಣುತ್ತೆ ಅಂತ ಒಂದೇ ಒಂದು ಸಲ ಟೈಪ್ ಮಾಡಿ ಅಳಿಸಿಬಿಟ್ಟೆ."

"ನನಗೆ ಹೇಳಲೇ ಇಲ್ಲ ನೀನು."

"ಸೀಮಂತದ ದಿನ ಹೇಳೋಣ ಅಂತಿದ್ದೆ."

ಸೀಮಂತ ಆಗಲೇ ಇಲ್ಲ. ಚಿರಂತ್ ಪರದೆಯ ಮೇಲಿನ ಆ ಮೂರಕ್ಷರವನ್ನೇ ನೋಡುತ್ತ ನಿಂತ. ಅವನ ಮಗುವಿನ ಹೆಸರು ಅವನಿಗಿಂತ ಮೊದಲು ಯಾವಯಾವುದೋ ಊರಿನ ವ್ಯಾಪಾರಿಗಳಿಗೆ ಗೊತ್ತಿತ್ತು. ಅವನಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ.

ಪೆಟ್ಟಿಗೆ ಹತ್ತು ದಿನ ತನ್ನ ಕೆಲಸ ಮಾಡಿತು. ಹನ್ನೊಂದನೆಯ ದಿನ ಇಂಚರ ಪರದೆ ತೆರೆದಳು. ಕೆಂಪು ಬಣ್ಣದ ಮೂರು ಗಾಲಿ ಸೈಕಲ್ಲೊಂದು ಗಿರಗಿರನೆ ತಿರುಗುತ್ತಿತ್ತು. 'ಮುಗಿಲು ಈಗ ಓಡಾಡುವ ವಯಸ್ಸು!'

ಪೆಟ್ಟಿಗೆ ಸೋತದ್ದು ಅದೇ ಮೊದಲು. ವಿಭಾ ಅವರಿಗೆ ಊಟ ಸೇರಲಿಲ್ಲ. ಯಾರಾದರೂ ಕೇಳಿದರೆ ಕಂಪನಿಗಳು ತಮ್ಮ ಊಹೆಗೆ ಕಾರಣ ಹೇಳಲೇಬೇಕೆಂಬ ಕಾನೂನು ಅಷ್ಟು ಹೊತ್ತಿಗೆ ಬಂದಿತ್ತು. ವಿಭಾ ಕೇಳಿದರು. ಉತ್ತರ ಬಂದಾಗ ಎರಡು ಸಲ ಓದಿದರು. ಆಮೇಲೆ ಅದನ್ನು ಹಿಡಿದುಕೊಂಡು ಸೀದಾ ಆ ಮನೆಗೆ ಹೋಗಿ, ಮೂವರನ್ನೂ ಎದುರಿಗೆ ಕೂರಿಸಿಕೊಂಡರು.

"ತಪ್ಪು ಪೆಟ್ಟಿಗೇದಲ್ಲ," ಎಂದರು. "ಬೇಹುಗಾರರು ನಂಬ್ತಾ ಇಲ್ಲ. ಯಾಕೆ ಅಂತ ಓದ್ತೀನಿ, ಕೇಳಿ. 'ಗರ್ಭಿಣಿ ಆಸ್ಪತ್ರೆಗೆ ಹೋಗಿ ಬಂದ ಮಾರನೆಯ ದಿನ ಪತಿ ಕೆಲಸಕ್ಕೆ ಹಾಜರು. ಮೂರನೆಯ ದಿನ ಯುಗಾದಿ. ಮನೆಗೆ ಕಡಲೆಬೇಳೆ, ಬೆಲ್ಲ, ಹೊಸ ಬಟ್ಟೆ ತರಿಸಲಾಗಿದೆ. ನೆಂಟರು ಯಾರೂ ಬಂದಿಲ್ಲ. ಅಳು ಕೇಳಿಸಿಲ್ಲ. ಆ ದಿನದಿಂದ ಇಂದಿನವರೆಗೆ ಮನೆಯಲ್ಲಿ ಆ ಬಗ್ಗೆ ಮಾತಿಲ್ಲ. ಮಗು ಸತ್ತ ಮನೆ ಹೀಗಿರುವುದಿಲ್ಲ. ಆದ್ದರಿಂದ ಮಗು ಬದುಕಿದೆ.'"

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ಅಶ್ವಿನಮ್ಮ.

"ಅಯ್ಯೋ ಶಿವನೇ! ಹೋಳಿಗೆ ನಾನೇ ಮಾಡಿದ್ದು. ಹುಟ್ಟದ ಮಗೀಗೆ ಸೂತಕ ಇಲ್ಲ, ಹಬ್ಬ ಬಿಡಬ್ಯಾಡ ಅಂದ್ರು ದೊಡ್ಡೋರು. ನಂಗೂ ಹಂಗೇ ಅನ್ನಿಸ್ತು. ಒಂದ್ ಸಲ ಅಳೋಕೆ ಕೂತರೆ ಇವಳು ಮತ್ತೆ ಏಳಲ್ಲ ಅಂತ ಭಯ ಆಯ್ತು ಕಣಮ್ಮ."

"ನಾನು ಹೋಳಿಗೆ ತಿಂದೆ ಅತ್ತೆ," ಎಂದಳು ಇಂಚರ. "ಎರಡು ತಿಂದೆ. ಮೈಯೆಲ್ಲ ನೋಯ್ತಿತ್ತು. ತಿನ್ನದಿದ್ದರೆ ನಿಮಗೆ ಬೇಜಾರಾಗುತ್ತಲ್ಲ ಅಂತ ತಿಂದೆ."

ಚಿರಂತ್ ಬೆಟ್ಟದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. "ನಾನು ಮೇಲೆ ಹತ್ತಿ ಅಳ್ತಿದ್ದೆ," ಎಂದ. "ಅಲ್ಲಿ ಗಾಳಿ ಸದ್ದಿಗೆ ಯಾರಿಗೂ ಕೇಳಲ್ಲ."

ಬೇಹುಗಾರರಿಗೂ ಕೇಳಿರಲಿಲ್ಲ. ಒಬ್ಬರಿಗೊಬ್ಬರು ನೋವಾಗಬಾರದೆಂದು ಈ ಮೂವರು ಎಷ್ಟು ಚೆನ್ನಾಗಿ ನಟಿಸಿದ್ದರೆಂದರೆ, ಗೋಡೆಗೆ ಕಿವಿ ಹಚ್ಚಿ ಕೂತ ಯಂತ್ರಗಳೂ ಮೋಸ ಹೋಗಿದ್ದವು. ಪ್ರೀತಿಯಿಂದಲೇ ಮಾಡಿದ್ದು, ನಿಜ. ಆದರೆ ಎರಡು ವರ್ಷ ಆ ಹೆಣ್ಣುಮಗಳು ಒಬ್ಬಳೇ ಆ ದುಃಖ ಹೊತ್ತಳು.

ವಿಭಾ ಎದ್ದು ಪೆಟ್ಟಿಗೆಯ ತಂತಿ ಬಿಚ್ಚಿದರು. "ಇದು ಸುಳ್ಳು ಸೂತಕಕ್ಕೆ ಅಂತ ಮಾಡಿದ್ದು. ನಿಮ್ಮದು ನಿಜವಾದ್ದು. ಇದರ ಕೈಲಾಗಲ್ಲ."

"ಮತ್ತೆ ನಾವೇನು ಮಾಡೋದು ಮೇಡಂ?" ಎಂದ ಚಿರಂತ್.

ಉತ್ತರ ಕೊಟ್ಟವರು ಅಶ್ವಿನಮ್ಮ. ಅವರು ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದರು. "ಶಾಸ್ತ್ರ ಏನ್ ಬೇಕಾದ್ರೂ ಹೇಳ್ಲಿ," ಎಂದು ಕಣ್ಣೊರೆಸಿಕೊಂಡರು. "ನನ್ನ ಮೊಮ್ಮಗು ಹೋಗೈತೆ. ಈ ಮನೇಲಿ ಇವತ್ತಿಂದ ಸೂತಕ."

ಬಾಗಿಲಿಗೆ ಹೋಗಿ ಎದುರುಮನೆಗೆ ಕೇಳುವಂತೆ ಕೂಗಿ ಹೇಳಿದರು. ಲೋಹಿತ್ ಮೇಷ್ಟ್ರ ಹೆಂಡತಿ ಮೊದಲು ಕಕ್ಕಾಬಿಕ್ಕಿಯಾದರು. ಅರ್ಥವಾದ ಮೇಲೆ ಒಳಗೆ ಹೋಗಿ, ಅನ್ನ ಮತ್ತು ತಿಳಿಸಾರು ಮಾಡಿಕೊಂಡು ಬಂದರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ಅವರಿಗೆಲ್ಲ ವಿಷಯ ಅಂದೇ ಗೊತ್ತಿತ್ತು, ಹೇಗೆ ಕೇಳುವುದೆಂದು ಗೊತ್ತಿರಲಿಲ್ಲ ಅಷ್ಟೆ. ಒಬ್ಬಾಕೆ ಇಂಚರಳ ಕೈ ಹಿಡಿದು, "ಹೆಸರಿಟ್ಟಿದ್ದೇನವ್ವಾ?" ಎಂದಳು. "ಮುಗಿಲು," ಎನ್ನುವಷ್ಟರಲ್ಲಿ ಇಂಚರಳ ಕಟ್ಟೆ ಒಡೆಯಿತು. ಬೀದಿಗೆಲ್ಲ ಕೇಳುವಂತೆ ಅತ್ತಳು. ಅಶ್ವಿನಮ್ಮ ಹೆದರಿದ್ದಂತೆ ಅವಳು ಮತ್ತೆ ಏಳದೆ ಹೋಗಲಿಲ್ಲ. ಅತ್ತು ಅತ್ತು ಸುಸ್ತಾಗಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಎಷ್ಟೋ ತಿಂಗಳ ಮೇಲೆ ಮೈಮರೆತು ನಿದ್ದೆ ಮಾಡಿದಳು. ಚಿರಂತ್ ಆ ವಾರವೆಲ್ಲ ಬೆಟ್ಟ ಹತ್ತಲಿಲ್ಲ.

ಈ ಸಲ ಬೇಹುಗಾರರಿಗೂ ಕೇಳಿಸಿತು. ಸೈಕಲ್ಲಿನವರು ಮೊದಲು ಹೋದರು. ಆಮೇಲೆ ಚಪ್ಪಲಿಯವರು, ಲಸಿಕೆಯವರು, ಬಣ್ಣದ ಪೆನ್ಸಿಲಿನವರು. ಹತ್ತು ದಿನ ತುಂಬುವುದರೊಳಗೆ ಪರದೆಯ ಮೇಲೆ ಸೀರೆಯ ಅಂಚಿನ ನವಿಲು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ತಿಂಗಳು ಕಳೆದ ಮೇಲೆ ವಿಭಾ ಸುಮ್ಮನೆ ನೋಡಿಬರಲೆಂದು ಹೋದರು. ಇಂಚರ ಕೆಲಸ ಮಾಡುತ್ತಿದ್ದಳು. ಮುಖ ತಿಳಿಯಾಗಿತ್ತು.

"ಒಂದು ಮಾತು ಹೇಳಲಾ ಮೇಡಂ? ಬೈಬಾರದು," ಎಂದಳು. "ಎರಡು ವರ್ಷ ಮುಗಿಲು ಹೆಂಗಿದೆ, ಎಷ್ಟು ದೊಡ್ಡದಾಯ್ತು ಅಂತ ಕೇಳಿದ್ದು ಆ ಕಳ್ಳರು ಮಾತ್ರ. ದುಡ್ಡಿಗೋಸ್ಕರ ಕೇಳಿದರು, ಗೊತ್ತು. ಆದರೂ ಕೇಳ್ತಾ ಇದ್ದರು. ಈಗ ಪರದೆ ತೆರೆದಾಗೆಲ್ಲ ಏನೋ ಖಾಲಿ ಅನ್ನಿಸುತ್ತೆ."

ಬೇಹುಗಾರರನ್ನು ಓಡಿಸುವುದು ವಿಭಾ ಅವರಿಗೆ ಬರುತ್ತಿತ್ತು. ಆದರೆ ಓಡಿಹೋದವರ ಜಾಗದಲ್ಲಿ ಯಾರನ್ನು ಕೂರಿಸಬೇಕೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಶ್ವಿನಮ್ಮ, ತಲೆ ಎತ್ತದೆ, ದಿನಾ ಆಡುವ ಮಾತಿನಂತೆ ಕೇಳಿದರು:

"ಇಂಚರಾ, ಮುಗಿಲು ಇದ್ದಿದ್ರೆ ಈ ಹೊತ್ತಿಗೆ ಮಾತು ಕಲಿತಿರೋದು, ಅಲ್ಲೇನೇ?"

ಇಂಚರ ಕೆಲಸ ಬಿಟ್ಟು ಅತ್ತ ತಿರುಗಿದಳು. "ಹೂಂ ಅತ್ತೆ," ಎಂದಳು. "ನಿಮ್ಮ ಹಂಗೇ ವಟವಟ ಅಂತಿರೋದು."

ವಿಭಾ ಅಲ್ಲಿಂದ ಎದ್ದು ಬಂದರು. ಆಮೇಲೆ ಅವರು ಯಾರ ಮನೆಗೆ ಪೆಟ್ಟಿಗೆ ಹಾಕಲು ಹೋದರೂ ಮೊದಲು ಮನೆಯವರನ್ನು ಕೂರಿಸಿಕೊಂಡು ಒಂದಷ್ಟು ಹೊತ್ತು ಮಾತಾಡಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ, ಕಂಪ್ಯೂಟರಿಗೆ ಗೊತ್ತಿದ್ದ ಸಂಗತಿ ಪಕ್ಕದ ಕೋಣೆಯಲ್ಲಿ ಮಲಗುವವರಿಗೆ ಗೊತ್ತಿರುತ್ತಿರಲಿಲ್ಲ.

ಇದಕ್ಕೆಲ್ಲ ೨೦೫೮ರ ತನಕ ಕಾಯಬೇಕಾಗಿಲ್ಲ ಎಂಬುದೇ ಸಂಕಟ. ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲೇ, ನಿಮ್ಮ ಬೀದಿಯಲ್ಲೋ ನಿಮ್ಮ ಮನೆಯ ಇನ್ನೊಂದು ಕೋಣೆಯಲ್ಲೋ, ಯಾರೋ ಒಬ್ಬರು ಯಾರ ಬಳಿಯೂ ಹೇಳಲಾಗದ ಒಂದು ಮಾತನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಿರಬಹುದು. ಕಂಪ್ಯೂಟರು ಅದನ್ನು ಬರೆದಿಟ್ಟುಕೊಳ್ಳುತ್ತದೆ, ನಾಳೆ ಬೆಳಿಗ್ಗೆ ಅದೇ ಮೊದಲು ಅವರನ್ನು ವಿಚಾರಿಸುತ್ತದೆ. ಅದಕ್ಕಿಂತ ಮುಂಚೆ ಎದ್ದು ಹೋಗಿ ವಿಚಾರಿಸಲು ನಿಮಗೆ ಇನ್ನೂ ಇವತ್ತಿನ ಸಂಜೆಯಿದೆ.