ದೊರೆಗೆ ಸೊಂಟ ಬಂದಾಗ

"ಇದು ನಾಯಿಮರೀನಾ? ಇಲ್ಲಾ ದಿಂಬಿಗೆ ನಾಲ್ಕು ಕಾಲು ಹೊಲಿಸಿಕೊಂಡು ಬಂದಿದ್ದೀರಾ?"

ಎದುರಿಗೆ ನಿಂತವನ ಮುಖವನ್ನೂ ನೋಡದೆ ಪಶುವೈದ್ಯೆ ಆಡಿದ ಮೊದಲ ಮಾತು ಇದು!

ಸ್ಟೀಲ್ ಮೇಜಿನ ಮೇಲೆ ಕಂದು ಬಣ್ಣದ ಮರಿಯೊಂದು ಉಸ್ಸಪ್ಪಾ ಎಂದು ಕೂತಿತ್ತು. ಐದು ತಿಂಗಳ ಪ್ರಾಯ, ದೊಡ್ಡ ಜಾತಿ. ಹೊಟ್ಟೆ ಮೇಜಿನ ತುಂಬ ಹರಡಿತ್ತು.

"ಹೆಸರು ದೊರೆ," ಎಂದ ಅವನು ಹೆಮ್ಮೆಯಿಂದ. "ಊಟ ಚೆನ್ನಾಗಿ ಮಾಡ್ತಾನೆ."

"ಅದು ಕುರುಡರಿಗೂ ಗೊತ್ತಾಗುತ್ತೆ. ನೀವೇನು ಕೆಲಸ ಮಾಡ್ತೀರಿ?"

"ಹಲ್ಲಿನ ಡಾಕ್ಟರು. ಹಿಂದಿನ ಬೀದೀಲಿ ಹೊಸದಾಗಿ ಕ್ಲಿನಿಕ್ ತೆಗೆದಿದ್ದೀನಿ."

'ಓದಿದವನು ಬೇರೆ! ಇನ್ನು ಮುಗೀತು ಬಿಡು...' ಎಂದುಕೊಂಡಳು ಅವಳು.

ಅವಳಿಗೆ ಪ್ರಾಣಿಗಳೆಂದರೆ ಪ್ರಾಣ. ಪ್ರಾಣಿ ಸಾಕುವವರೆಂದರೆ ಮಾತ್ರ ಅಷ್ಟಕ್ಕಷ್ಟೇ. ಮುದ್ದು ಮಾಡಿಸಿಕೊಂಡೇ ಕಾಲು ಕೆಡಿಸಿಕೊಂಡು ಬರುವ ಮರಿಗಳನ್ನು ನೋಡಿ ನೋಡಿ ಅವಳ ಬಾಯಿ ಖಾರವಾಗಿತ್ತು. ಮರಿ ಬಾಯಿಬಿಟ್ಟು ಬೈಯಲಾರದು, ಅದರ ಪರವಾಗಿ ಇವಳೇ ಬೈಯುತ್ತಿದ್ದಳು. ಬೈಯುವುದರಲ್ಲಿ ಒಂದಿಷ್ಟು ಸುಖವೂ ಇತ್ತು ಅನ್ನಿ, ಅದನ್ನು ಅವಳು ಒಪ್ಪುತ್ತಿರಲಿಲ್ಲ.

"ಏನು ತಿನ್ನಿಸ್ತೀರಿ?"

ಅವನು ಚೀಲದಿಂದ ಒಂದು ಪೊಟ್ಟಣ ತೆಗೆದಿಟ್ಟ. ಅದರ ಮೇಲೆ ಪೈಲ್ವಾನನಂಥ ನಾಯಿಯೊಂದು ಗೋಡೆ ಹಾರುತ್ತಿತ್ತು.

"ಅಂಗಡೀಲಿ ಇಪ್ಪತ್ತು ಥರ ಇತ್ತು. ಇದರ ಚಿತ್ರ ಚೆನ್ನಾಗಿತ್ತು..."

"ಚಿತ್ರ! ಪೋಸ್ಟರ್ ನೋಡಿ ಯಾರಾದ್ರೂ ಮದುವೆ ಆಗ್ತಾರೇನ್ರೀ? ಇದು ದಿನವಿಡೀ ಓಡೋ ದೊಡ್ಡ ನಾಯಿಗಳ ಆಹಾರ. ಬರೀ ಕೊಬ್ಬು! ಇನ್ನೇನು ಹಾಕ್ತೀರಿ?"

"ಸ್ವಲ್ಪ ಕ್ಯಾಲ್ಸಿಯಂ ಪುಡಿ... ಹಲ್ಲು, ಮೂಳೆ ಗಟ್ಟಿಯಾಗಲಿ ಅಂತ."

ಆಗ ಅವಳು ತಲೆಯೆತ್ತಿದಳು. ಇಂಥ ಪೆದ್ದುತನ ಹಲ್ಲಿನ ಡಾಕ್ಟರನಿಗೆ ಮಾತ್ರ ಹೊಳೆಯಲು ಸಾಧ್ಯ. ಆದರೆ ಆ ಮುಖ... ಬೈಸಿಕೊಳ್ಳುವಾಗಲೂ ಮರಿಯ ಕಿವಿ ಸವರುತ್ತಿದ್ದ ಆ ಕೈ... ನೋಡಲು ಚೆನ್ನಾಗಿದ್ದಾನೆ ಎಂಬ ಕಾರಣಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು.

"ಕೇಳಿ. ದೊಡ್ಡ ಜಾತಿ ಮರಿ ನಿಧಾನವಾಗಿ ಬೆಳೀಬೇಕು. ತೂಕ ಮೊದಲೇ ಏರಿಬಿಟ್ರೆ, ಎಳೇ ಮೂಳೆ ಅದನ್ನ ಹೊರೋಕಾಗಲ್ಲ. ಮೇಲಿಂದ ನಿಮ್ಮ ಪುಡಿ ಬೇರೆ! ಮುಂಗಾಲು ನೋಡಿ, ಆಗಲೇ ಹೊರಕ್ಕೆ ಬಾಗ್ತಿದೆ. ಹೀಗೇ ಬಿಟ್ರೆ ಜೀವಮಾನ ಪೂರ್ತಿ ಕುಂಟ್ತಾನೆ."

ಅವನ ಮುಖ ಬಿಳಿಚಿಕೊಂಡಿತು. ಮರಿಯನ್ನು ತಬ್ಬಿಕೊಂಡ.

"ಏನು ಮಾಡಲಿ? ಹೇಳಿ ಡಾಕ್ಟ್ರೇ, ಏನು ಹೇಳಿದ್ರೂ ಮಾಡ್ತೀನಿ!"

ಅವಳು ಅವನ ಕೈ ಹಿಡಿದು ಮರಿಯ ಪಕ್ಕೆಗೆ ಒತ್ತಿದಳು. "ಪಕ್ಕೆಲುಬು ಸಿಗ್ತಿದ್ಯಾ?"

"ಇಲ್ಲ..."

"ಸಿಗಬೇಕು. ಕಣ್ಣಿಗೆ ಎದ್ದು ಕಾಣಬಾರದು, ಬೆರಳಿಗೆ ಸಿಗಬೇಕು. ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು. ದೊಡ್ಡ ಜಾತಿ ಮರಿಗಳಿಗೆ ಅಂತಲೇ ಬೇರೆ ಆಹಾರ ಬರುತ್ತೆ. ಅಳತೆ ಕಪ್‌ನಲ್ಲಿ ಅಳೆದು ಹಾಕಿ. ಪುಡಿ ಬೇಡ, ತಿಂಡಿ ಬೇಡ, ಮೇಲೊಂದು ಚೂರೂ ಬೇಡ!"

ಅವನ ಕೈಯನ್ನು ಬಿಡಬೇಕಾದ ಹೊತ್ತಿಗಿಂತ ತುಸು ತಡವಾಗಿ ಬಿಟ್ಟಳು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಅಂದಿನಿಂದ ಅವನು ವಾರವಾರವೂ ದೊರೆಯನ್ನು ತೂಗಿಸಲು ಬಂದ. ಬೇಕೆಂದೇ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದ. ಅವಳೂ ಬೇಕೆಂದೇ ನಿಧಾನವಾಗಿ ಕೋಟು ಕಳಚುತ್ತಿದ್ದಳು. ಹೊರಗಿನ ಬೆಂಚಿನಲ್ಲಿ ಕೂತು ಅವಳು ಹಸುಗಳ ಸುದ್ದಿ ಹೇಳಿದರೆ, ಅವನು ಸೂಜಿ ಕಂಡೊಡನೆ ಓಡಿಹೋದ ಪೊಲೀಸಿನವನ ಕಥೆ ಹೇಳುತ್ತಿದ್ದ. ಅವಳು ನಕ್ಕು ನಕ್ಕು... ಮತ್ತೆ ನಕ್ಕಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದೇ ಒಂದು ತೊಂದರೆ. ದೊರೆಯ ತೂಕ ಏರಬೇಕಾದ್ದಕ್ಕಿಂತ ದುಪ್ಪಟ್ಟು ಏರುತ್ತಲೇ ಇತ್ತು!

ಆ ಸಂಜೆ ಮುಂಗಾಲು ಮುಟ್ಟಿದರೆ ದೊರೆ ಕುಂಯ್‌ಗುಟ್ಟಿದ. ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ನಿಜ ಹೇಳಿ. ಏನು ತಿನ್ನಿಸ್ತಿದ್ದೀರಿ?"

"ನೀವು ಹೇಳಿದ್ದೇ. ಅಳೆದೇ ಹಾಕ್ತೀನಿ, ನಿಮ್ಮಾಣೆ!"

"ನನ್ನಾಣೆ ಯಾಕೆ? ನಾನು ಬದುಕಬೇಕು! ತೂಕದ ಮಷೀನು ಸುಳ್ಳು ಹೇಳಲ್ಲ ಸ್ವಾಮೀ, ಮನುಷ್ಯರು ಹೇಳ್ತಾರೆ. ನಿಮ್ಮಂಥವರಿಗೆ ನಾಯಿ ಯಾಕ್ರೀ? ಗೋಡೆ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕ್ಕೊಳ್ಳಿ, ಅದು ದಪ್ಪ ಆಗಲ್ಲ. ಇವನನ್ನ ಬುದ್ಧಿ ಇರೋರಿಗೆ ಕೊಟ್ಟುಬಿಡಿ!"

ಅವನು ಬಗ್ಗಿ ಮರಿಯನ್ನು ಎತ್ತಿಕೊಂಡ.

"ಆಯ್ತು. ಬೇರೆ ಊರಲ್ಲಿ ಅಕ್ಕ ಇದ್ದಾಳೆ. ಭಾನುವಾರ ಬಿಟ್ಟು ಬರ್ತೀನಿ. ಎಲ್ಲಿ ತಪ್ತಿದ್ದೀನೋ ನನಗೆ ಗೊತ್ತಾಗ್ತಿಲ್ಲ... ನನ್ನಿಂದ ಅವನು ಕುಂಟೋದು ಬೇಡ."

ಬಾಗಿಲು ಮುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 'ಹೋಗಲಿ, ಸುಳ್ಳುಗಾರ!' ಎಂದುಕೊಂಡಳು. ಆದರೆ ನೂರು ಜನರ ಸುಳ್ಳು ಕೇಳಿದ್ದಾಳೆ, ಯಾರ ಸುಳ್ಳೂ ಹೀಗೆ ನೋಯಿಸಿರಲಿಲ್ಲ.

ಮರುದಿನ ಕೆಲಸ ಕೈಗೆ ಹತ್ತಲಿಲ್ಲ. ಎಂದೂ ಇಲ್ಲದ್ದು, ಮಧ್ಯಾಹ್ನವೇ ಮನೆಗೆ ಹೋದಳು. ಬೆಳಿಗ್ಗೆ ಮುಂಬಾಗಿಲಿಂದ ಓಡುವುದು, ಕತ್ತಲಾದ ಮೇಲೆ ಅದೇ ಬಾಗಿಲಿಂದ ಬರುವುದು. ಹಿತ್ತಿಲು ಹೇಗಿದೆಯೆಂದೇ ಅವಳಿಗೆ ಮರೆತುಹೋಗಿತ್ತು.

ಅಡುಗೆಮನೆಯಲ್ಲಿ ಅಮ್ಮ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು. ಹಿತ್ತಿಲಿನ ಮೋಟು ಗೋಡೆ ಒಂದು ಕಡೆ ಕುಸಿದಿತ್ತು. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಮುಂದೆ ಒಂದು ತಟ್ಟೆ. ತಟ್ಟೆಯಲ್ಲಿ ಮಾಂಸ, ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು.

ತಟ್ಟೆಗೆ ಮುಖ ಹಾಕಿ ಚಪ್ಪರಿಸುತ್ತಿದ್ದವನು... ದೊರೆ!

"ಅಮ್ಮಾ!!"

"ಅಯ್ಯೋ, ನೀನಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನೇ?"

"ಇವನಿಗೆ ದಿನಾ ಊಟ ಹಾಕ್ತಿದ್ದೀಯಾ?"

"ಮತ್ತೆ? ಗೋಡೆ ಆಚೆ ಹಲ್ಲಿನ ಡಾಕ್ಟರ ಅಂಗಳ. ಆ ಮನುಷ್ಯ ಇಡೀ ದಿನ ಜನರ ಬಾಯೊಳಗೇ ಇರ್ತಾನೆ. ಈ ಕೂಸಿಗೆ ಗುಂಡಿ ಥರದ ಒಣ ಕಾಳು! ಯಾರೋ ಡಾಕ್ಟ್ರಮ್ಮ ಹೇಳಿದಾಳಂತೆ. ಅವಳಿಗೆ ಬುದ್ಧಿ ಇಲ್ವಾ ಅಂತ ನಾನು ದಿನಾ ಬೈಕೊಳ್ತೀನಿ!"

"ಆ ಡಾಕ್ಟ್ರಮ್ಮ ನಾನೇ ಅಮ್ಮಾ!"

ಅಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇದು ನಿನ್ನ ಪಾಲಿನ ಊಟ ಕಣೇ. ದಿನಾ ಇಬ್ಬರಿಗೂ ಮಾಡ್ತೀನಿ. ನೀನು ಬರಲ್ಲ. ಬಿಸಾಡೋಕೆ ಮನಸ್ಸು ಬರಲ್ಲ. ಇವನು ತಿಂದು ಬಾಲ ಆಡಿಸ್ತಾನೆ... ನೀನು ತಿನ್ನೋವಾಗ ನನ್ನ ಮುಖಾನೂ ನೋಡಲ್ಲ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವವರನ್ನು ಕಂಡರೆ ಅವಳಿಗೆ ಎಷ್ಟು ತಾತ್ಸಾರ! ಈಗ ಆ ತಾತ್ಸಾರವೆಲ್ಲ ಬಡ್ಡಿ ಸಮೇತ ತನಗೇ ವಾಪಸ್ ಬಂದಿತ್ತು. ದೊರೆಯ ಕಾಲು ಬಾಗಿಸುತ್ತಿದ್ದದ್ದು ತಾನು ತಿನ್ನದೆ ಬಿಟ್ಟ ಊಟ. ಮತ್ತು ಬೈಸಿಕೊಂಡು ಹೋದವನು...

ಅವಳು ಎದ್ದಳು. ಕೋಟಿನ ಸಮೇತ ಮೋಟು ಗೋಡೆ ಹತ್ತಿದಳು.

"ಏ, ಬೀಳ್ತೀಯಾ! ದಾರಿ ಇದೆಯಲ್ಲೇ!" ಎಂದು ಅಮ್ಮ ಕೂಗಿದಳು.

ಹಲ್ಲಿನ ಕ್ಲಿನಿಕ್ಕಿನ ಹಿಂಬಾಗಿಲು ತಳ್ಳಿ ಒಳನುಗ್ಗಿದಾಗ ಕುರ್ಚಿಯಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು ಬಾಯಿ ತೆರೆದು ಮಲಗಿದ್ದರು. ಬಾಯಿ ತುಂಬ ಹತ್ತಿ. ಅವನು ಕನ್ನಡಿ ಹಿಡಿದು ಬಗ್ಗಿದ್ದ.

"ನೀವು ಸುಳ್ಳು ಹೇಳಿರಲಿಲ್ಲ!" ಏದುಸಿರು ಬಿಡುತ್ತಾ ಹೇಳಿದಳು. "ನಮ್ಮಮ್ಮ... ನನ್ನ ಊಟಾನ ದಿನಾ ದೊರೆಗೆ ಹಾಕ್ತಿದ್ಲು. ತಪ್ಪು ನಮ್ಮನೇದೇ. ಬುದ್ಧಿ ಇಲ್ಲದವಳು ನಾನು. ಕ್ಷಮಿಸಿ..."

ಅವನು ಕನ್ನಡಿ ಕೆಳಗಿಟ್ಟ. ಅವಳ ಕಡೆ ತಿರುಗಿದ.

"ದಿಂಬು ಅಂದ್ರಿ, ಬೇಜಾರಾಗಲಿಲ್ಲ. ಚಿತ್ರ ನೋಡಿ ಆಹಾರ ತಂದೆ ಅಂತ ಆಡ್ಕೊಂಡ್ರಿ, ತಪ್ಪು ನನ್ನದೇ ಇತ್ತು. ಆದ್ರೆ ಅಷ್ಟೊಂದು ಸಂಜೆ ಜೊತೆಗೆ ಕೂತ ಮೇಲೂ ನನ್ನನ್ನ ನಂಬಲಿಲ್ಲವಲ್ಲ... ಅದು ಚುಚ್ತು."

"ನಂಬಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು!" ಅವಳ ಕಣ್ಣು ತುಂಬಿತು. "ಬೇರೆಯವರನ್ನ ಬೈದು ಮರೆತುಬಿಡ್ತೀನಿ. ನಿಮ್ಮನ್ನ ಬೈದ ಮೇಲೆ ನನಗೆ ಉಸಿರಾಡೋಕೂ ಆಗ್ತಿಲ್ಲ. ದೊರೇನ ಕಳಿಸಬೇಡಿ. ಅವನು ಹೋದ್ರೆ ನೀವು ಕ್ಲಿನಿಕ್‌ಗೆ ಯಾಕೆ ಬರ್ತೀರಿ? ನೀವು ಬರದೇ ಇದ್ರೆ... ನನಗೆ ಬೇಕು, ನೀವು."

"ಆ... ಆಆ!" ಎಂದರು ಮೀಸೆಯ ಹಿರಿಯರು, ಕೈಯಾಡಿಸುತ್ತಾ.

"ನೋವಾಯ್ತಾ ಸಾರ್?"

ಹಿರಿಯರು ಇಲ್ಲವೆಂದು ತಲೆಯಾಡಿಸಿ, ಅವಳ ಕಡೆ ಬೆರಳು ತೋರಿಸಿ, ಒಪ್ಪಿಕೋ ಎಂಬಂತೆ ಕಣ್ಣರಳಿಸಿದರು. ಅವನಿಗೆ ನಗು ತಡೆಯಲಾಗಲಿಲ್ಲ.

ದೊರೆ ಅಕ್ಕನ ಊರಿಗೆ ಹೋಗಲಿಲ್ಲ. ಅಳತೆ ಕಪ್ ಅಮ್ಮನ ಕೈಗೆ ಬಂತು. ಕಾಳು ಹಾಕುವ ಅಧಿಕಾರ ಅವಳಿಗೆ, ಒಂದು ಕಾಳು ಹೆಚ್ಚಾದರೆ ಬೈಯುವ ಅಧಿಕಾರ ಮಗಳಿಗೆ. ಮಗಳು ದಿನವೂ ಮಧ್ಯಾಹ್ನ ಮನೆಗೆ ಬಂದು, ಅಮ್ಮನ ಮುಖ ನೋಡುತ್ತಾ ಉಂಡಳು. ಗೋಡೆಯಾಚೆಯವನೂ ಹೇಗೋ ಅದೇ ಹೊತ್ತಿಗೆ ಹಸಿಯತೊಡಗಿದ.

ತೂಕ ಹದಕ್ಕೆ ಬರಲು ತಿಂಗಳುಗಳೇ ಹಿಡಿದವು. ಮುಂಗಾಲು ಮೆಲ್ಲನೆ ನೆಟ್ಟಗಾಯಿತು. ಒಂದು ಮಧ್ಯಾಹ್ನ ದೊರೆ ಬೆಕ್ಕಿನ ಹಿಂದೆ ಹಿತ್ತಿಲ ತುಂಬ ಓಡಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಮೇಲಿಂದ ನೋಡಿದರೆ ಅಚ್ಚುಕಟ್ಟಾದ ಸೊಂಟ!

ಅವಳು ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅವನು ಪಕ್ಕಕ್ಕೆ ಬಂದು ನಿಂತ.

"ಒಂದು ಮಾತು ಕೇಳಲಾ?" ಅಂದ. "ಜೀವನ ಪೂರ್ತಿ ನಿಮ್ಮ ಹತ್ರ ಬೈಸ್ಕೊಂಡು ಇರಬೇಕು ಅಂತ ಆಸೆ. ಆಗುತ್ತಾ?"

"ಇಂಥದನ್ನ ಯಾರಾದ್ರೂ ಆಸೆ ಪಡ್ತಾರಾ?"

"ನೀವು ಜಾಸ್ತಿ ಬೈಯೋದು ಇಷ್ಟ ಇರೋರನ್ನೇ ಅಂತ ಅಮ್ಮ ಹೇಳಿದ್ರು."

"ಅಮ್ಮನಿಗೆ ಬಾಯಿ ಜಾಸ್ತಿ..."

"ಉತ್ತರ ಹೇಳಿ ಡಾಕ್ಟ್ರೇ."

ಅವಳು ಅವನ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು. ಮೊದಲ ಬಾರಿಗೆ ಬಹುವಚನ ಬಿಟ್ಟು ಮಾತಾಡಿದಳು.

"ದಡ್ಡ... ಇಷ್ಟು ದಿನ ಬೇಕಿತ್ತಾ ನಿನಗೆ ಕೇಳೋಕೆ?"