ಮೇಲೆ ಗಾಳಿ

ಸೈಕಲ್ ಅಂಗಡಿಯ ಬಾಗಿಲಲ್ಲಿ ನಿಂತವನ ತಲೆ ಮುಕ್ಕಾಲು ಬೋಳಾಗಿತ್ತು. ಆದರೂ ಆ ಕಾಲುಗಳನ್ನು ನೋಡಿದ ಕೂಡಲೇ ಒದೀಲ್‌ಗೆ ಗುರುತು ಸಿಕ್ಕಿತು. ಅವನನ್ನು ಕಂಡು ಹನ್ನೊಂದು ವರ್ಷ!

"ಏನಯ್ಯಾ ಉಪ್ಪುಬೆಣ್ಣೆ, ಬಾಡಿಗೆ ಸೈಕಲ್ ಹತ್ತೋ ಗತಿ ಬಂತಾ ನಿಂಗೆ?"

ಎರ್ವಾನ್ ನಕ್ಕ. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿತಾನಿಯವನಾದ ಅವನಿಗೆ ಉಪ್ಪುಬೆಣ್ಣೆ ಇಲ್ಲದೆ ಬ್ರೆಡ್ಡು ಗಂಟಲಲ್ಲಿ ಇಳಿಯದು. ಆಲಿವ್ ಎಣ್ಣೆಯೇ ಸರ್ವಸ್ವವಾದ ದಕ್ಷಿಣದ ಈ ಊರಲ್ಲಿ ಆ ಹೆಸರಿಟ್ಟವಳೂ ಅವಳೇ, ಕರೆಯುತ್ತಿದ್ದವಳೂ ಅವಳೊಬ್ಬಳೇ.

"ನನ್ನ ಹೊಟ್ಟೆ ನೋಡು, ಆಮೇಲೆ ಬೈಯಿ. ವೆಂಟೂ ಬೆಟ್ಟದ ತುದಿ ಮುಟ್ಟಿ ಬರ್ತೀನಿ ಅಂತ ಮಗಳಿಗೆ ಮಾತು ಕೊಟ್ಟಿದೀನಿ."

ಎದುರಿನ ಕೆಫೆಯಲ್ಲಿ ಅವನ ಹೆಂಡತಿ, ಏಳೆಂಟು ವರ್ಷದ ಹುಡುಗಿಯ ಕೆನ್ನೆಗೆ ಮೆತ್ತಿದ ಐಸ್‌ಕ್ರೀಮ್ ಒರೆಸುತ್ತಿದ್ದಳು. ಒದೀಲ್ ನೋಡಿಯೂ ನೋಡದವಳ ಹಾಗೆ ಸೈಕಲ್ಲಿನ ಸೀಟು ಏರಿಸತೊಡಗಿದಳು. ಅವನ ಅಳತೆ ಕೇಳಬೇಕಾಗಿರಲಿಲ್ಲ.

"ಇನ್ನೂ ನೆನಪಿದೆಯಾ?"

"ಕಾಲುದ್ದ ಬದಲಾಗಲ್ಲ. ಮಿಕ್ಕಿದ್ದು ತಾನೆ ಬದಲಾಗೋದು."

ಅವನು ಸೈಕಲ್ಲಿನ ಹಿಡಿಕೆಯ ಮೇಲೆ ಕೈಯಿಟ್ಟ. "ಆವತ್ತು ರೇಸಲ್ಲಿ ರಸ್ತೆ ಮೇಲಿನ ಒಂದೊಂದು ಹೆಸರೂ ಓದ್ಕೊಂಡೇ ಹತ್ತಿದೆ ಒದೀಲ್. ಬೇಕರಿಯವನ ನಾಯಿ ಹೆಸರೂ ಇತ್ತು. ನೀನು ಮಾತ್ರ ಬರೆದಿರ್ಲಿಲ್ಲ. ಕೋಪ ಏನಿಲ್ಲ. ಅದೂ ಒಂದು ಉತ್ತರವೇ."

ಸ್ಪ್ಯಾನರ್ ಹಿಡಿದ ಕೈ ನಿಂತುಹೋಯಿತು.

ರೇಸ್ ಬರುವ ಮುನ್ನ ಊರವರೆಲ್ಲ ಬಿಳಿ ಬಣ್ಣದ ಡಬ್ಬಿ ಹಿಡಿದು, ಬೆಟ್ಟದ ರಸ್ತೆಯ ಮೇಲೆ ಮೆಚ್ಚಿನ ಸವಾರರ ಹೆಸರು ಬರೆಯುತ್ತಾರೆ. ರೇಸಿನ ಸವಾರನಾಗಿದ್ದ ಅವನು ಆ ವರ್ಷ ಅಂದಿದ್ದ: "ನನ್ನ ಮದುವೆ ಆಗೋದಿದ್ರೆ ಉಪ್ಪುಬೆಣ್ಣೆ ಅಂತ ಬರಿ. ಕಂಡ್ರೆ ರೇಸ್ ಮುಗಿದ ಕೂಡ್ಲೇ ಪ್ಯಾರಿಸ್‌ನಿಂದ ನೇರ ಇಲ್ಲಿಗೇ ಬರ್ತೀನಿ. ಕಾಣದಿದ್ರೆ ಮತ್ತೆ ಕಾಡಲ್ಲ."

ಬರೆದಿದ್ದಳು. ಎಲ್ಲರ ಹಾಗೆ ಕೆಳಗಿನ ಕಾಡಿನ ತಿರುವುಗಳಲ್ಲಲ್ಲ. ತುದಿಯ ಹತ್ತಿರ, ಬಿಳಿಗಲ್ಲುಗಳ ನಡುವೆ, ಅವನ ಕಾಲು ಸೋತ ಹೊತ್ತಿಗೆ ಕಾಣಲೆಂದು ಆಳುದ್ದದ ಅಕ್ಷರದಲ್ಲಿ. ರೇಸಿನ ದಿನ ಮೇಲೆ ನಿಲ್ಲಲಾಗದ ಗಾಳಿ. ಆರು ಕಿಲೋಮೀಟರ್ ಕೆಳಗೆ, ಹೋಟೆಲಿನ ಹತ್ತಿರವೇ ಆ ದಿನದ ಓಟ ಮುಗಿಸಿಬಿಟ್ಟರು. ಅವಳು ಓಡಿಬರುವಷ್ಟರಲ್ಲಿ ಅವನ ತಂಡದ ಬಸ್ಸು ಹೊರಟುಹೋಗಿತ್ತು.

ಒಂದು ಕಾಗದ ಹಾಕಬಹುದಿತ್ತು. ಹಾಕಲಿಲ್ಲ. ಮೇಲೆ ಬರೆದಿರುತ್ತಾಳೆಂದು ಅವನಿಗೇ ಹೊಳೆಯಬಾರದೇ, ಬಂದು ಕೇಳಬಾರದೇ ಎಂಬ ಬಿಂಕ. ಆ ಹಾಳು ಬಿಂಕ ಎರಡು ಬಾಳು ತಿಂದಿತು. ಪ್ರತಿ ಜೂನ್‌ನಲ್ಲಿ ಹೋಗಿ ಮಾಸಿದ ಅಕ್ಷರಗಳಿಗೆ ಮತ್ತೆ ಬಣ್ಣ ಬಳಿಯುತ್ತಾಳೆ. ಇವತ್ತು ಬೆಳಿಗ್ಗೆಯಷ್ಟೇ ಬಳಿದು ಬಂದಿದ್ದಳು.

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಕೆಫೆಯಿಂದ ಹುಡುಗಿ "ಪಪ್ಪಾ!" ಎಂದು ಕೈಬೀಸಿದಳು. ಒದೀಲ್ ಸೀಟಿನ ಬೋಲ್ಟು ಬಿಗಿದು ಸೈಕಲ್ಲನ್ನು ಅವನತ್ತ ತಳ್ಳಿದಳು.

"ಹೋಟೆಲ್‌ವರೆಗೆ ಹೋಗಿ ತಿರುಗಿಬಿಡು. ಮೇಲೆ ಗಾಳಿ."

ಎರ್ವಾನ್ ಚೌಕದ ಮರದತ್ತ ನೋಡಿದ. ಒಂದೆಲೆಯೂ ಅಲುಗುತ್ತಿರಲಿಲ್ಲ. "ಎಲ್ಲಿದೆ ಗಾಳಿ?"

"ಇಲ್ಲಿ ಗೊತ್ತಾಗಲ್ಲ. ಇದೊಂದ್ಸಲ ನನ್ನ ಮಾತು ಕೇಳು."

ಮಧ್ಯಾಹ್ನವೆಲ್ಲ ಅವಳು ಒಂದೇ ಚಕ್ರ ಬಿಚ್ಚಿ ಮತ್ತೆ ಜೋಡಿಸಿದಳು. ಸಂಜೆ ಅವನು ಬಂದಾಗ ಮಗಳು ಓಡಿಬಂದು ಸೊಂಟ ತಬ್ಬಿಕೊಂಡಳು.

"ತುದಿ ಮುಟ್ಟಿದ್ಯಾ ಪಪ್ಪಾ?"

"ಇಲ್ಲ ಕಂದಾ. ಮೇಲೆ ತುಂಬಾ ಗಾಳಿ."

ಸದ್ಯ, ಅಕ್ಷರ ಕಂಡಿಲ್ಲ. ಒದೀಲ್ ಉಸಿರು ಬಿಟ್ಟು ಸೈಕಲ್ ತೆಗೆದುಕೊಳ್ಳಲು ಕೈ ಚಾಚಿದಳು. ಹಿಡಿಕೆ ಅಂಟಂಟಾಗಿತ್ತು. ಎರಡೂ ಹಿಡಿಕೆಗಳ ಮೇಲೆ ಬಿಳಿ ಬಣ್ಣ. ಅವನ ಅಂಗೈಗಳಲ್ಲೂ, ಮಂಡಿಗಳಲ್ಲೂ ಅದೇ ಬಣ್ಣ.

ಅವಳು ತಲೆಯೆತ್ತಿದಳು. ಎರ್ವಾನನ ಕಣ್ಣು ಕೆಂಪಾಗಿತ್ತು. ಅವನು ಮುಷ್ಟಿ ಮುಚ್ಚಿಕೊಂಡು ಮಗಳನ್ನು ಕರೆದುಕೊಂಡು ಕಾರಿನತ್ತ ನಡೆದ.

ಒದೀಲ್ ಬಾಗಿಲು ಮುಚ್ಚಿ ಬಿಕ್ಕಿಬಿಕ್ಕಿ ಅತ್ತಳು. ಆ ಸೈಕಲ್ಲನ್ನು ಒರೆಸಲಿಲ್ಲ, ಮತ್ತೆ ಯಾರಿಗೂ ಬಾಡಿಗೆಗೆ ಕೊಡಲೂ ಇಲ್ಲ.